ಗಲ್ವಾ ಬದುಕಿಕೊಂಡ ತಿಂಗಳು

ನಮ್ಮ ಭಾವ ಹಲ್ಲಿನ ಡಾಕ್ಟರು ಎಂದು ಬಾಗಿಲ ಮೇಲಿನ ಬೋರ್ಡು ಹೇಳುತ್ತದೆ. ಒಳಗೆ ಹೋಗಿ ಬಾಯಿ ತೆರೆದು ಮಲಗಿದವರಿಗೆ ಮಾತ್ರ ನಿಜ ಗೊತ್ತು. ಅವರ ಅಸಲಿ ಕಸುಬು ಗಣಿತಜ್ಞರ ಕಥೆ ಹೇಳುವುದು, ಹಲ್ಲು ಕೀಳುವುದು ಅದರ ಜೊತೆಗೆ ನಡೆದುಹೋಗುವ ಕೆಲಸ. ಎದುರಿಗಿರುವವರ ಬಾಯಲ್ಲಿ ಕನ್ನಡಿ, ಹತ್ತಿ, ಉಗುಳು ಹೀರುವ ಕೊಳವೆ ಎಲ್ಲ ಇಟ್ಟು ಮಾತು ಶುರು ಮಾಡಿದರೆ ನಡುವೆ ಬಾಯಿ ಹಾಕುವವರು ಯಾರು? ಮಾತಿನ ಚಟ ಇರುವವರಿಗೆ ಇದಕ್ಕಿಂತ ಒಳ್ಳೆಯ ಉದ್ಯೋಗ ಇಲ್ಲ ಎಂದು ಅವರ ಹೆಂಡತಿ, ಅಂದರೆ ನನ್ನ ಅಕ್ಕ, ಮದುವೆಯಾದ ವಾರದಲ್ಲೇ ಕಂಡುಕೊಂಡಿದ್ದಳು.

ನಾನು ಮುಂದಿನ ಕೋಣೆಯ ಮೇಜಿನ ಹಿಂದೆ ಕೂತು ಸರದಿ ನೋಡಿಕೊಳ್ಳುತ್ತೇನೆ. ನನಗೆ ಕೋಪ ಬೇಗ ಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಹಲ್ಲುನೋವಿನ ಜನರ ನಡುವೆ ಇಡೀ ದಿನ ಕೂತು ನೋಡಲಿ, ಆಮೇಲೆ ಹೇಳಲಿ.

ನಮ್ಮಲ್ಲಿ ಯಾವ ಕೆಲಸಕ್ಕೆ ಯಾವ ಗಣಿತಜ್ಞ ಎನ್ನುವುದು ಗೊತ್ತುಮಾಡಿದ್ದು. ಹಲ್ಲು ಕೀಳುವುದಿದ್ದರೆ ಗಲ್ವಾ. ಇಪ್ಪತ್ತು ವರ್ಷಕ್ಕೇ, ಇಬ್ಬರೇ ಎದುರುಬದುರು ನಿಲ್ಲುವ ಪಿಸ್ತೂಲಿನ ಕಾಳಗದಲ್ಲಿ ಗುಂಡು ತಿಂದು ಸತ್ತ ಹುಡುಗ. ಯಾವ ಸಮೀಕರಣವನ್ನು ಬಿಡಿಸಬಹುದು, ಯಾವುದನ್ನು ತಲೆಕೆಳಗಾದರೂ ಬಿಡಿಸಲಾಗದು ಎಂದು ಕಂಡುಹಿಡಿದು, ಅದನ್ನು ಕಾಳಗದ ಹಿಂದಿನ ರಾತ್ರಿ ಗೆಳೆಯನಿಗೆ ಬರೆದಿಟ್ಟು ಹೋದ. ಆಯುಸ್ಸು ಚಿಕ್ಕದು, ಕಥೆಯೂ ಚಿಕ್ಕದು, ಅಷ್ಟರಲ್ಲಿ ಹಲ್ಲು ಕೈಗೆ ಬರುತ್ತದೆ. ಹಲ್ಲು ತುಂಬಿಸುವುದಕ್ಕೆ ಗಾಸ್. ರೂಟ್ ಕೆನಾಲ್ ಅಂದರೆ ಆಯ್ಲರ್, ಏಕೆಂದರೆ ಅವನದು ತುಂಬು ಬಾಳು. ಮಡಿಲಲ್ಲಿ ಮಗು ಕೂರಿಸಿಕೊಂಡು ಲೆಕ್ಕ ಮಾಡಿದ, ಒಂದು ಕಣ್ಣು ಹೋಯಿತು, ಆಮೇಲೆ ಇನ್ನೊಂದೂ ಹೋಯಿತು, ಆದರೂ ಬಾಯಲ್ಲಿ ಹೇಳಿ ಬರೆಸುತ್ತಾ ಮೊದಲಿಗಿಂತ ಹೆಚ್ಚೇ ಕೆಲಸ ಮಾಡಿದ. ಅವನನ್ನು ಮುಗಿಸಲು ಮೂರು ನಾಲ್ಕು ಸಲ ಬರಲೇಬೇಕು. "ಇವತ್ತು ಎರಡು ಗಲ್ವಾ, ಒಂದು ಆಯ್ಲರ್" ಅಂತ ನಾನು ಬೆಳಿಗ್ಗೆ ಹೇಳಿದರೆ ಭಾವನಿಗೆ ಯಾವ ಸಾಮಾನು ಕುದಿಸಿ ಇಡಬೇಕು ಎಂದು ತಿಳಿಯುತ್ತಿತ್ತು.

ಇದೆಲ್ಲಕ್ಕೂ ಮೂಲ ಪ್ಯಾಸ್ಕಲ್. ಅವನು ಗಣಿತ ಬಿಟ್ಟು ದೇವರ ಧ್ಯಾನಕ್ಕೆ ಕೂತಿದ್ದನಂತೆ. ಒಂದು ರಾತ್ರಿ ಹಲ್ಲುನೋವು ತಡೆಯಲಾರದೆ, ನೋವು ಮರೆಯಲಿಕ್ಕೆ ಅಂತ ಉರುಳುವ ಚಕ್ರದ ಲೆಕ್ಕ ಹಿಡಿದ. ಸೈಕಲ್ ಚಕ್ರದ ಅಂಚಿಗೆ ಒಂದು ಸೀಮೆಸುಣ್ಣದ ಚುಕ್ಕೆ ಇಟ್ಟು ಚಕ್ರ ಉರುಳಿಸಿದರೆ ಆ ಚುಕ್ಕೆ ಗಾಳಿಯಲ್ಲಿ ಕಮಾನು ಕಮಾನಾಗಿ ಹೋಗುತ್ತದಲ್ಲ, ಆ ಕಮಾನು. ಲೆಕ್ಕ ಬೆಳೆಯುತ್ತಾ ಹೋಯಿತು, ನೋವು ಮಾಯವಾಯಿತು ಎಂದು ಹೇಳುತ್ತಾರೆ. ಭಾವನಿಗೆ ಇದು ವೇದವಾಕ್ಯ. ಮರಗಟ್ಟಿಸುವ ಇಂಜೆಕ್ಷನ್ ಅರ್ಧ ಕೆಲಸ, ಉಳಿದರ್ಧ ಗಣಿತದ್ದು ಎನ್ನುತ್ತಿದ್ದರು.

ಇದರಿಂದ ಕಷ್ಟಕ್ಕೆ ಸಿಕ್ಕಿಕೊಂಡವಳು ಅವರ ಮಗಳು, ನಮ್ಮ ಪುಟ್ಟಿ. ಹೆಸರಿಗೆ ಪುಟ್ಟಿ, ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಷ್ಟು ಎತ್ತರ. ಅವಳೂ ಹಲ್ಲಿನ ಡಾಕ್ಟರು, ಅಪ್ಪನಿಗಿಂತ ಹೆಚ್ಚು ಓದಿದವಳು, ಕೈಯಂತೂ ಹೂವಿನಷ್ಟು ಹಗುರ. ಓದು ಮುಗಿಸಿ ಬಂದು ಎರಡು ವರ್ಷವಾದರೂ ಭಾವ ಅವಳಿಗೆ ಹಲ್ಲು ಉಜ್ಜಿ ಹೊಳಪು ಮಾಡುವ ಕೆಲಸ ಬಿಟ್ಟು ಬೇರೆ ಕೊಟ್ಟಿರಲಿಲ್ಲ. "ಕಥೆ ಬರದವಳ ಕೈಗೆ ಇಕ್ಕಳ ಕೊಡೋದಿಲ್ಲ" ಎಂದು ಅವರ ಹಟ. "ಹೆದರಿದವನ ದವಡೆ ಕಲ್ಲಾಗುತ್ತೆ ಕಣೇ. ಕಲ್ಲಿಂದ ಹಲ್ಲು ಕೀಳೋದಕ್ಕಾಗುತ್ತಾ?"

ಪುಟ್ಟಿಗೆ ಕಥೆ ಬರುತ್ತಿರಲಿಲ್ಲ ಅಂತಲ್ಲ, ಅರ್ಧ ಬರುತ್ತಿತ್ತು. ಚಿಕ್ಕವಳಿದ್ದಾಗ ಭಾವ ಪ್ರತಿ ರಾತ್ರಿ ಅವಳನ್ನು ಮಲಗಿಸುತ್ತಾ ಒಬ್ಬೊಬ್ಬ ಗಣಿತಜ್ಞನನ್ನು ಹೇಳುತ್ತಿದ್ದರು. ಎಲ್ಲರ ಕಥೆಯೂ ನಡುವಿಗೆ ಬರುವಾಗ ಅವಳಿಗೆ ನಿದ್ದೆ. ಹಾಗಾಗಿ ಅವಳಿಗೆ ಗೊತ್ತಿದ್ದ ಗಣಿತಜ್ಞರೆಲ್ಲರೂ ಹುಡುಗರು ಹುಡುಗಿಯರು. ರಾತ್ರಿ ಓದಬಾರದೆಂದು ಮನೆಯವರು ಮೇಣದಬತ್ತಿ ಕಿತ್ತುಕೊಂಡರೂ ಹೊದಿಕೆ ಸುತ್ತಿಕೊಂಡು ಓದಿದ ಸೋಫಿ ಗೊತ್ತು, ಆಮೇಲೆ ಆಕೆ ಏನಾದಳು ಅಂತ ಗೊತ್ತಿಲ್ಲ. ಯಾರೂ ಮುದುಕರಾಗಿರಲಿಲ್ಲ, ಯಾರೂ ಸತ್ತೂ ಇರಲಿಲ್ಲ.

ಹೀಗಿರುವಾಗ ಭಾವನ ಗಂಟಲು ಕೈಕೊಟ್ಟಿತು. ಮಾತಾಡಿ ಮಾತಾಡಿ ಗಂಟಲಲ್ಲಿ ಗಂಟು ಬೆಳೆದಿದೆ, ಒಂದು ತಿಂಗಳು ಪಿಸುಮಾತೂ ಆಡಕೂಡದು, ಆಡಿದರೆ ದನಿ ಪೂರ್ತಿ ಹೋಗುತ್ತದೆ ಎಂದು ಗಂಟಲಿನ ಡಾಕ್ಟರು ಹೇಳಿದರು. ಮೌನ ಬಂಗಾರ ಅನ್ನುತ್ತಾರೆ, ಅಕ್ಕನಿಗಂತೂ ಆ ತಿಂಗಳು ಬಂಗಾರವೇ ಆಯಿತು. ಭಾವ ಒಂದು ಸ್ಲೇಟು ಹಿಡಿದು ಕೂತರು. ಅದರ ಮೇಲೆ ಮೊದಲು ಬರೆದದ್ದು "ಕ್ಲಿನಿಕ್ ಮುಚ್ಚಿ" ಅಂತ.

"ನಾನಿದ್ದೀನಲ್ಲಪ್ಪ" ಎಂದಳು ಪುಟ್ಟಿ.

ಭಾವ ಒರೆಸಿ ಬರೆದರು: "ಕಥೆ?"

"ಒಂದು ತಿಂಗಳು ನೋಡಿ. ಪೇಷಂಟುಗಳು ಓಡಿಹೋದ್ರೆ ಮುಚ್ಚೋಣ, ನಾನು ಇನ್ನು ಇಕ್ಕಳ ಕೇಳಲ್ಲ. ಓಡಿಹೋಗದೆ ಇದ್ರೆ ಕುರ್ಚಿ ನಂದೂ ಹೌದು."

ಭಾವ ಆಗಲಿ ಎಂದು ತಲೆ ಆಡಿಸಿದರು. ಅವಳು ಕಣ್ಣಲ್ಲಿ ನೀರು ತುಂಬಿಕೊಂಡು ಒಳಗೆ ಹೋಗಿ ಸಾಮಾನು ಕುದಿಸಲು ಇಟ್ಟಳು.

ಮೊದಲ ದಿನ ಬಂದವನು ಬಸ್ ಕಂಡಕ್ಟರ್. ಬಾಯಿ ತುಂಬಾ ತೂತು ಇರುವುದರಿಂದ ಅವನು ನಮ್ಮಲ್ಲಿ ಕಾಯಂ. ಪುಟ್ಟಿ ಪುಸ್ತಕದಲ್ಲಿದ್ದ ಹಾಗೆ ಶಾಂತವಾಗಿ ಕೆಲಸ ಶುರು ಮಾಡಿದಳು. ಡ್ರಿಲ್ ಒಂದು ಸಲ ಗುಂಯ್ ಅಂದದ್ದೇ ತಡ, ಕಂಡಕ್ಟರ್ ಎದೆಗೆ ಕಟ್ಟಿದ್ದ ಬಟ್ಟೆ ಸಮೇತ ನನ್ನ ಮೇಜಿನ ಮುಂದೆ ಬಂದು ನಿಂತಿದ್ದ.

"ಅಮ್ಮಾ, ಒಳಗೆ ಡ್ರಿಲ್ ಸದ್ದು ಬಿಟ್ಟು ಇನ್ನೇನೂ ಕೇಳಲ್ಲ. ಪ್ರಾಣ ಹೋದ ಹಾಗಾಯ್ತು. ಡಾಕ್ಟ್ರ ಗಂಟಲು ಸರಿಯಾಗ್ಲಿ, ಬರ್ತೀನಿ."

"ಅಷ್ಟು ದಿನ ಆ ಹಲ್ಲು ನಿನ್ನ ಮಾತು ಕೇಳುತ್ತಾ? ಹೋಗಿ ಮಲಗು" ಎಂದು ಗದರಿದೆ. ಒಳಗೆ ಹೋಗಿ ಪುಟ್ಟಿಗೂ ಗದರಿದೆ. "ಏನಾದ್ರೂ ಹೇಳೇ. ಬಾಯಲ್ಲಿ ಬೆಲ್ಲ ಇಟ್ಕೊಂಡಿದ್ದೀಯಾ?"

"ಅರ್ಧ ಗೊತ್ತಿರೋದನ್ನ ಹೇಗೆ ಹೇಳ್ಲಿ ಚಿಕ್ಕಮ್ಮ?"

"ಗೊತ್ತಿರೋಷ್ಟು ಹೇಳು. ಅವನೇನು ಪರೀಕ್ಷೆ ಬರೀತಾನಾ?"

ಪುಟ್ಟಿ ಗಂಟಲು ಸರಿಮಾಡಿಕೊಂಡು ಗಾಸ್‌ನನ್ನು ಶುರು ಮಾಡಿದಳು. ಪಾಠಶಾಲೆಯಲ್ಲಿ ಮೇಷ್ಟ್ರು ಮಕ್ಕಳು ಸುಮ್ಮನಿರಲಿ ಅಂತ ಒಂದರಿಂದ ನೂರರವರೆಗೆ ಕೂಡಿಸಲು ಹೇಳಿದ್ದು, ಪುಟ್ಟ ಹುಡುಗ ಒಂದನ್ನೂ ನೂರನ್ನೂ ಜೋಡಿ ಮಾಡಿ, ಎರಡನ್ನೂ ತೊಂಬತ್ತೊಂಬತ್ತನ್ನೂ ಜೋಡಿ ಮಾಡಿ, ಎಲ್ಲ ಜೋಡಿಯೂ ನೂರ ಒಂದೇ ಅಂತ ಕಂಡುಕೊಂಡದ್ದು. ನಿಜವೋ ಕಟ್ಟಿದ್ದೋ, ಲೋಕವೆಲ್ಲ ಹೇಳುವ ಕಥೆ. ಹೇಳುತ್ತಾ ಅವಳ ದನಿಗೆ ಧೈರ್ಯ ಬಂತು. "ಮೇಷ್ಟ್ರು ಕೂತು ಉಸಿರು ಬಿಡೋದ್ರೊಳಗೆ ಉತ್ತರ ಬರೆದಿಟ್ಟ, ಐದು ಸಾವಿರದ ಐನೂರು" ಎಂದಳು.

ಕುರ್ಚಿಯಲ್ಲಿ ಕಂಡಕ್ಟರ್ ಒಮ್ಮೆಗೇ ಚುರುಕಾದ. ದಿನವಿಡೀ ಟಿಕೆಟ್ಟಿನ ಮೊತ್ತ ಕೂಡಿಸುವವನು, ಮೇಲಾಗಿ ಈ ಕಥೆಯನ್ನು ಭಾವನ ಬಾಯಲ್ಲಿ ಎಷ್ಟೋ ಸಲ ಕೇಳಿದವನು. ಬಾಯಲ್ಲಿ ಡ್ರಿಲ್ ಇದ್ದ ಕಾರಣ ಕೈ ಎತ್ತಿದ. ಐದು ಬೆರಳು ತೋರಿಸಿದ, ಮುಷ್ಟಿ ಕಟ್ಟಿದ, ಮತ್ತೆ ಐದು ಬೆರಳು, ಮತ್ತೆ ಮುಷ್ಟಿ. ಪುಟ್ಟಿಗೆ ಅರ್ಥವಾಗಲಿಲ್ಲ. "ನೋವಾಗ್ತಿದೆಯಾ?" ಎಂದಳು. ಅವನು ಜೋರಾಗಿ ಇಲ್ಲ ಎಂದು ತಲೆ ಆಡಿಸಲು ಹೋದ, ಅವಳು ಹಣೆ ಒತ್ತಿ ಹಿಡಿದಳು. ಅವನು ಮತ್ತೆ ಬೆರಳು, ಮತ್ತೆ ಮುಷ್ಟಿ. ಹೀಗೆ ಇಬ್ಬರೂ ಒದ್ದಾಡುತ್ತಿರುವಾಗಲೇ ಹಲ್ಲು ಕೊರೆದು, ತುಂಬಿಸಿ, ಉಜ್ಜಿ ಮುಗಿಯಿತು. ಕೊಳವೆ ತೆಗೆದ ಕೂಡಲೇ ಅವನು ಎದ್ದು ಕೂತು, "ಐದು ಸಾವಿರದ ಐವತ್ತು ಪುಟ್ಟಮ್ಮ. ನೂರ ಒಂದರ ಐವತ್ತು ಜೋಡಿ. ಐನೂರು ಎಲ್ಲಿಂದ ತಂದ್ರಿ?" ಎಂದ. ಆಮೇಲೆ ನಾಲಿಗೆಯಲ್ಲಿ ಹಲ್ಲು ತಡವಿಕೊಂಡು ಆಶ್ಚರ್ಯದಿಂದ ಕೇಳಿದ, "ಆಗೋಯ್ತಾ?"

ನಗು ತಡೆಯಲಾರದೆ ನಾನು ನೆಲಕ್ಕೆ ಬಿದ್ದ ಪೆನ್ನು ಹುಡುಕುವವಳ ಹಾಗೆ ಬಗ್ಗಿದೆ. ಪುಟ್ಟಿ ಮಾತ್ರ ನಗಲಿಲ್ಲ. ಕೈಗವಸು ಬಿಚ್ಚುತ್ತಾ ಅವನನ್ನೇ ನೋಡುತ್ತಿದ್ದಳು. ಏನೋ ಹೊಳೆದಿದೆ ಅಂತ ಅವಳ ಮುಖವೇ ಹೇಳುತ್ತಿತ್ತು.

ಮಾರನೆಯ ದಿನದಿಂದ ಅವಳು ಕ್ಲಿನಿಕ್ಕಿನ ಕಪಾಟಿನಲ್ಲಿದ್ದ ಭಾವನ ಪುಸ್ತಕ ಒಂದೊಂದಾಗಿ ಮನೆಗೆ ಹೊತ್ತಳು. ಅಂತೂ ಬುದ್ಧಿ ಬಂತು ಅಂದುಕೊಂಡೆ. ಕ್ಲಿನಿಕ್ಕಿನಲ್ಲಿ ನೋಡಿದರೆ ತಪ್ಪು ಕಡಿಮೆಯಾಗುವ ಬದಲು ಹೆಚ್ಚಾಗಿದೆ. ಆಯ್ಲರನಿಗೆ ಕಿವಿ ಕೇಳಿಸದ ಹಾಗೆ ಮಾಡಿದಳು. ಆರ್ಕಿಮಿಡೀಸನನ್ನು ಸ್ನಾನದ ತೊಟ್ಟಿ ಬಿಟ್ಟು ಬಾವಿಗೆ ಇಳಿಸಿದಳು.

"ಓದಿದ್ದೆಲ್ಲ ಎಲ್ಲಿ ಹೋಯ್ತೇ?" ಎಂದು ಕೇಳಿದೆ.

"ಸರಿಯಾಗಿ ತಪ್ಪಬೇಕಾದ್ರೆ ಸರಿಯಾದದ್ದು ಗೊತ್ತಿರ್ಬೇಕಲ್ವಾ ಚಿಕ್ಕಮ್ಮ" ಎಂದಳು. "ಅಪ್ಪ ಹೇಳಿದ್ರೆ ಜನ ಕೇಳ್ಕೊಂಡು ಮಲಗಿರ್ತಾರೆ. ನಾನು ತಪ್ಪು ಹೇಳಿದ್ರೆ ತಿದ್ದೋಕೆ ಕಾಯ್ತಾರೆ. ಕಾಯೋ ಮನಸ್ಸಿಗೆ ಹಲ್ಲು ನೆನಪಿರಲ್ಲ."

ಊರಿಗೆ ಊರೇ ಭಾವನ ಕಥೆ ಕೇಳಿ ಬೆಳೆದದ್ದು. ಬಾಯಿ ತೆರೆದು ಮಲಗಿದವರ ಹೊಟ್ಟೆಯಲ್ಲಿ ಅಷ್ಟು ಗಣಿತಜ್ಞರು ಇದ್ದಾರೆಂದು ನಮಗೆ ಯಾರಿಗೂ ತಿಳಿದಿರಲಿಲ್ಲ. ಈಗ ಎಲ್ಲರೂ ಒಳಗಿಂದ ಹತ್ತಿ ಕಚ್ಚಿಕೊಂಡು ಬಂದು ನನ್ನ ಮೇಜಿಗೆ ಒರಗಿ ತಿದ್ದುಪಡಿ ಹೇಳತೊಡಗಿದರು. "ಕಣ್ಣು ಕಣ್ರೀ, ಕಿವಿ ಅಲ್ಲ." "ಬಾವಿ ಅಲ್ಲಮ್ಮ, ತೊಟ್ಟಿ." ಕಾಯುತ್ತಾ ಕೂತವರು ಅದನ್ನು ಕೇಳಿ ತಮ್ಮ ತಮ್ಮಲ್ಲೇ ವಾದಕ್ಕಿಳಿದರು. ನನ್ನ ತಲೆ ಚಿಟ್ಟು ಹಿಡಿಯಿತು, ಸರದಿಯ ಪಟ್ಟಿಯಂತೂ ತುಂಬಿ ಹೋಯಿತು. ನೋವೇ ಇಲ್ಲದ ಒಬ್ಬಿಬ್ಬರು ಸುಮ್ಮನೆ ಬಂದು ಬಾಯಿ ತೆರೆದರು, ಅವರನ್ನು ನಾನೇ ಓಡಿಸಿದೆ.

ಎಡವಟ್ಟಾದದ್ದು ಗಲ್ವಾನಿಂದ. ಹಿಂದಿನ ಬೀದಿಯ ಟೈಲರ್ ಅಜ್ಜಿ ದವಡೆ ಹಲ್ಲು ಕೀಳಿಸಲು ಬಂದಿದ್ದರು. ಪುಟ್ಟಿ ಆ ಹುಡುಗನ ಕಥೆ ಶುರು ಮಾಡಿ, ಎರಡೆರಡು ಸಲ ಪರೀಕ್ಷೆಯಲ್ಲಿ ಫೇಲಾಗಿದ್ದು, ದೊಡ್ಡ ಗಣಿತಜ್ಞರಿಗೆ ಕಳಿಸಿದ ಬರಹಗಳು ಕಳೆದುಹೋದದ್ದು, ಜೈಲು ಸೇರಿದ್ದು ಎಲ್ಲ ಸರಿಯಾಗಿಯೇ ಹೇಳಿಕೊಂಡು ಬಂದು, ಕೊನೆಯಲ್ಲಿ "ಬೆಳಿಗ್ಗೆ ಕಾಳಗಕ್ಕೆ ನಿಂತ, ಗುಂಡು ಹಾರಿತು, ಪಕ್ಕದಲ್ಲೇ ಹೋಯ್ತು. ಮನೆಗೆ ಹೋಗಿ ಮಲಗಿದ" ಅಂದುಬಿಟ್ಟಳು. ಅಜ್ಜಿ ತಿದ್ದಲಿಲ್ಲ. ಹಲ್ಲು ಹೊರಗೆ ಬಂದ ಮೇಲೂ ಏಳದೆ ಮಲಗಿದ್ದರು, ಕೆನ್ನೆ ಮೇಲೆ ನೀರು. ಪುಟ್ಟಿ ಗಾಬರಿಯಾಗಿ ನೋವಾಯಿತಾ ಎಂದು ಕೇಳಿದಳು.

"ನೋವಲ್ಲ ಮಗಾ. ನಿಮ್ಮಪ್ಪ ಅವನನ್ನ ಎಷ್ಟು ಸಲ ಸಾಯಿಸಿದ್ದಾನೆ, ಪ್ರತಿ ಸಲ ಹೊಟ್ಟೆ ಉರಿಯೋದು. ಇದೊಂದು ಸಲ ಬದುಕಿಕೊಳ್ಳಲಿ ಬಿಡು" ಎಂದರು ಅಜ್ಜಿ.

ಈ ಮಾತು ಗಾಳಿಗಿಂತ ಬೇಗ ಭಾವನ ಕಿವಿಗೆ ಬಿತ್ತು. ಆ ಸಂಜೆ ಅಡುಗೆಮನೆಯಲ್ಲಿ ಭಾವ ಸ್ಲೇಟು ಒಡೆಯುವ ಹಾಗೆ ಬರೆದರು: "ಗಲ್ವಾ ಸತ್ತ!"

"ಸತ್ತು ಎಷ್ಟು ಕಾಲ ಆಯ್ತು. ಈಗ ಯಾಕೆ ಹಾರಾಡ್ತೀರಿ?" ಎಂದಳು ಅಕ್ಕ, ಲೋಟ ತೊಳೆಯುತ್ತಾ.

ಭಾವ ಒರೆಸಿದರು, ಬರೆದರು, ಒರೆಸಿದರು. ಅಂಗಿಯ ತೋಳೆಲ್ಲ ಬಿಳಿ. ಅವರು ಬರೆದದ್ದನ್ನು ಕೂಡಿಸಿದರೆ ಇಷ್ಟು: ಆ ಜನ ಹಸಿದು, ಕುರುಡಾಗಿ, ಸತ್ತು, ಒಂದು ನಿಜ ಬಿಟ್ಟು ಹೋದವರು. ಅವರ ಬಾಳಿನ ಬಗ್ಗೆ ಸುಳ್ಳು ಹೇಳಿದರೆ ಅವರಿಗೆ ಏನು ಉಳಿಯಿತು?

ಕೋಪಿಷ್ಠೆಯಾದರೂ ನ್ಯಾಯದ ಮಾತು ಕೇಳಿದರೆ ನನಗೆ ಗೊತ್ತಾಗುತ್ತದೆ. ಪುಟ್ಟಿ ಮಾತ್ರ ಮೆಲ್ಲಗೆ ಹೇಳಿದಳು, "ಅಪ್ಪ, ಸುಳ್ಳು ಅಂತ ಕೂತವರಿಗೆಲ್ಲ ಗೊತ್ತು. ಅಷ್ಟು ಚೆನ್ನಾಗಿ ಕಲಿಸಿದ್ದೀರಿ ನೀವು. ನಿಮ್ಮ ನಿಜದ ಮೇಲೇ ನನ್ನ ಸುಳ್ಳು ನಿಂತಿರೋದು."

ಭಾವ ಸ್ಲೇಟು ಎತ್ತಿ ತೋರಿಸಿದರು: "ಸೋಮವಾರದಿಂದ ಬಂದ್." ಪುಟ್ಟಿ ಎದ್ದು ಹೋದಳು. ತಿಂಗಳು ಮುಗಿಯಲು ಇನ್ನು ಕೆಲವೇ ದಿನ ಇತ್ತು. ಪೇಷಂಟು ಒಬ್ಬರೂ ಓಡಿಹೋಗಿರಲಿಲ್ಲ. ನಾನು ಭಾವನ ಜೊತೆ ಎರಡು ದಿನ ಮಾತು ಬಿಟ್ಟೆ. ಮಾತೇ ಆಡದವರ ಜೊತೆ ಮಾತು ಬಿಟ್ಟರೆ ಅವರಿಗೆ ತಿಳಿಯುವುದಾದರೂ ಹೇಗೆ?

ಭಾನುವಾರ ಬೆಳಿಗ್ಗೆ ಅಕ್ಕ ನನ್ನನ್ನು ಕೂಗಿ ಕರೆದಳು. ಭಾವ ಅಡುಗೆಮನೆಯ ಗೋಡೆಯ ಬುಡದಲ್ಲಿ ಮಂಡಿಯೂರಿ, ಡಬ್ಬದ ದುಂಡು ಮುಚ್ಚಳದ ಅಂಚಿಗೆ ಸೀಮೆಸುಣ್ಣ ಒತ್ತಿ ಹಿಡಿದು ಉರುಳಿಸುತ್ತಿದ್ದರು. ಗೋಡೆ ತುಂಬಾ ಕಮಾನು. ಮೂಲೆಯಿಂದ ಮೂಲೆಗೆ ಹೋಗಿ, ತಿರುಗಿ, ಒಲೆಯ ಹಿಂದಿನವರೆಗೂ ಕಮಾನು.

"ಮೊನ್ನೆ ತಾನೇ ನೀಲಿ ಬಣ್ಣ ಬಳಿಸಿದ್ದು. ಇವರಿಗೇನು ತಲೆ ಕೆಟ್ಟಿದೆಯಾ?" ಎಂದಳು ಅಕ್ಕ.

ನಾನು ಭಾವನ ಮುಖ ನೋಡಿದೆ. ಎಡಗೆನ್ನೆ ಊದಿ ಬನ್ನಿನ ಹಾಗಾಗಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? "ತಲೆ ಅಲ್ಲಕ್ಕ, ಹಲ್ಲು ಕೆಟ್ಟಿದೆ" ಎಂದೆ.

ಪ್ಯಾಸ್ಕಲನಿಗೆ ಒದಗಿದ ಕಮಾನು ಭಾವನಿಗೆ ಒದಗಲಿಲ್ಲ. ಲವಂಗ ಇಟ್ಟರು, ಉಪ್ಪುನೀರು ಮುಕ್ಕಳಿಸಿದರು, ಮಾತ್ರೆ ನುಂಗಿದರು. ಬೇರೆ ಡಾಕ್ಟರ ಹತ್ತಿರ ಹೋಗುತ್ತೀರಾ ಎಂದು ಕೇಳಿದರೆ ಮುಖ ತಿರುಗಿಸಿದರು. ಊರಲ್ಲಿ ಎಲ್ಲರ ಹಲ್ಲು ಕಿತ್ತ ಈ ಮನುಷ್ಯನಿಗೆ ಇಕ್ಕಳ ಕಂಡರೆ ಜೀವ ಬಾಯಿಗೆ ಬರುತ್ತದೆ ಎಂದು ಅಕ್ಕ ಆಗ ಹೇಳಿದಳು. ಇಷ್ಟು ವರ್ಷ ಗುಟ್ಟಾಗಿ ಇಟ್ಟಿದ್ದಳಂತೆ.

ಸೋಮವಾರ ಬೆಳಿಗ್ಗೆ ಬಂದ್ ಅಂದವರೇ ಮೊದಲು ಬಂದು ಕ್ಲಿನಿಕ್ಕಿನ ಬಾಗಿಲು ತೆಗೆದರು. ಕುರ್ಚಿಯ ಎದುರು ನಿಂತರು, ಕೂತರು, ಎದ್ದರು, ಮತ್ತೆ ಕೂತರು. ನನ್ನ ಜೊತೆ ಹಿಂದೆಯೇ ಹೋದ ಪುಟ್ಟಿ ಕೈ ತೊಳೆದು ಬಂದಳು. ಬಾಯಿ ನೋಡಿ, "ಕೊನೆ ದವಡೆ. ಉಳಿಸೋಕಾಗಲ್ಲಪ್ಪ, ಕೀಳ್ಬೇಕು" ಎಂದಳು. ಭಾವ ಕುರ್ಚಿಯ ಕೈ ಹಿಡಿದ ಹಿಡಿತಕ್ಕೆ ಬೆರಳು ಬಿಳಿಚಿದವು. ಇಂಜೆಕ್ಷನ್ ಕೊಟ್ಟು ಕಾದಳು. ಅವರ ದವಡೆ ಅವರೇ ಹೇಳುತ್ತಿದ್ದ ಕಲ್ಲಿನ ಹಾಗೆ ಬಿಗಿದುಕೊಂಡಿತ್ತು. ನಾನು ಬಾಗಿಲಲ್ಲಿ ನಿಂತಿದ್ದೆ.

"ಪ್ಯಾಸ್ಕಲ್ ಅಂತ ಒಬ್ಬ ಇದ್ದ" ಎಂದು ಶುರು ಮಾಡಿದಳು ಪುಟ್ಟಿ. "ಗಣಿತ ಎಲ್ಲ ಬಿಟ್ಟು ದೇವರು ಅಂತ ಕೂತಿದ್ದ. ಒಂದು ರಾತ್ರಿ ಅವನಿಗೆ ತಡೆಯೋಕಾಗದಷ್ಟು ಹೊಟ್ಟೆನೋವು ಬಂತು."

ಭಾವನ ಕಣ್ಣು ಫಟ್ಟನೆ ತೆರೆಯಿತು.

"ಹೊಟ್ಟೆ ಹಿಡ್ಕೊಂಡು ಹೊರಳಾಡಿದ. ಊಟ ಹೆಚ್ಚಾಗಿತ್ತೋ ಏನೋ. ಬಾಯಿ ಇನ್ನೊಂಚೂರು ತೆಗೀರಿ ಅಪ್ಪ."

ಭಾವ ಬಾಯಿ ತೆರೆದರು, ಹೆದರಿಕೆಗಲ್ಲ, ಕೂಗಲಿಕ್ಕೆ. ಕೂಗುವಂತಿಲ್ಲ. ಕೈ ಎತ್ತಿ ತಮ್ಮ ದವಡೆಯನ್ನು ತೋರಿಸಿದರು, ಹೊಟ್ಟೆ ತೋರಿಸಿ ಬೆರಳು ಆಡಿಸಿದರು, ಮತ್ತೆ ದವಡೆ ತೋರಿಸಿದರು. ಅವಳು ನೋಡಿಯೂ ನೋಡದವಳ ಹಾಗೆ, "ಹೊಟ್ಟೆನೋವು ಮರೆಯೋಕೆ ಏನ್ಮಾಡೋದು ಅಂತ ಯೋಚಿಸಿದ. ಹೊಟ್ಟೆ ದುಂಡಗಿರುತ್ತಲ್ಲ, ಹಾಗೆ ದುಂಡಗಿನ ಚಕ್ರ ನೆನಪಾಯ್ತು" ಎಂದಳು. ಭಾವ ಸಿಟ್ಟಿನಲ್ಲಿ ಕಾಲು ಕುರ್ಚಿಗೆ ಬಡಿದರು. ಎರಡೂ ಕೈಯಲ್ಲಿ ದವಡೆ ತೋರಿಸುತ್ತಾ ನನ್ನ ಕಡೆಯೂ ನೋಡಿದರು, ನೀನಾದರೂ ಹೇಳು ಎನ್ನುವ ಹಾಗೆ. ನಾನು ಹೇಳಲಿಲ್ಲ.

ಅವಳ ಕೈ ಹಿಂದಕ್ಕೆ ಬಂತು. ಇಕ್ಕಳದ ತುದಿಯಲ್ಲಿ ಹಲ್ಲು.

ಭಾವ ಇನ್ನೂ ದವಡೆ ತೋರಿಸುತ್ತಲೇ ಇದ್ದರು. ಆಮೇಲೆ ಹಲ್ಲು ಕಂಡಿತು. ಕೈ ಕೆಳಗೆ ಬಂತು. ಹಲ್ಲನ್ನೂ ಮಗಳನ್ನೂ ಒಂದಾದ ಮೇಲೊಂದು ನೋಡಿದರು. ಅವಳು ಹತ್ತಿ ಇಟ್ಟು ಕಚ್ಚಿಸಿ, ಅವರ ಹಣೆಯ ಬೆವರು ಒರೆಸಿದಳು.

"ಕ್ಷಮಿಸಿ ಅಪ್ಪ. ಹಲ್ಲುನೋವು ಅಂತ ಗೊತ್ತು. ಸರಿಯಾಗಿ ಹೇಳ್ತೀನಿ ಈಗ" ಎಂದಳು.

ಭಾವ ಬೇಡ ಎಂದು ಕೈ ಆಡಿಸಿದರು. ಸ್ಲೇಟಿಗೆ ಬೆರಳು ತೋರಿಸಿದರು, ಕೊಟ್ಟೆ. ಮಲಗಿದಲ್ಲೇ, ಸೊಟ್ಟ ಸೊಟ್ಟ ಅಕ್ಷರದಲ್ಲಿ ಬರೆದು ಮಗಳ ಕಡೆ ತಿರುಗಿಸಿದರು: "ಹೊಟ್ಟೆನೋವು ಬಂದಮೇಲೆ ಏನಾಯ್ತು?"

ಪುಟ್ಟಿ ಓದಿದಳು. ಓದಿ, ಕಾಲ ಬಳಿಯ ಸ್ಟೂಲು ಎಳೆದುಕೊಂಡು ಕೂತು, ಮೂಗು ಒರೆಸಿಕೊಂಡು, "ಆಮೇಲೆ ಏನಾಯ್ತು ಅಂದ್ರೆ" ಎಂದು ಮುಂದುವರಿಸಿದಳು. ಭಾವ ಕೈ ಕಟ್ಟಿ ಕೇಳುತ್ತಾ ಮಲಗಿದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಕಣ್ಣು ತುಂಬಿ ಬಂತು. ಬಾಗಿಲು ಎಳೆದುಕೊಂಡು ಹೊರಗೆ ಬಂದೆ.

ಹೊರಗೆ ಕಂಡಕ್ಟರ್ ಇನ್ನೊಂದು ತೂತು ತಂದು ಕೂತಿದ್ದ. ಬಂದ್ ಅನ್ನುವ ಸುದ್ದಿ ಅವನಿಗೆ ಯಾರೂ ಹೇಳಿರಲಿಲ್ಲ.

"ಡಾಕ್ಟ್ರು ಇದ್ದಾರಾ ಅಮ್ಮಾ?"

"ಇದ್ದಾರೆ, ಕೂತ್ಕೊ. ಪೇಷಂಟು ನೋಡ್ತಿದ್ದಾರೆ."

ಅವನು ಬಾಗಿಲ ಸಂದಿಯಲ್ಲಿ ಇಣುಕಿದ. ಕುರ್ಚಿಯಲ್ಲಿ ಮಲಗಿದ್ದ ಭಾವನನ್ನು ಕಂಡು ತಬ್ಬಿಬ್ಬಾದ. "ಡಾಕ್ಟ್ರು ಅಲ್ಲಿ ಮಲಗಿದ್ದಾರಲ್ಲ" ಎಂದ.

"ಮಲಗಿರೋರು ಪೇಷಂಟು" ಎಂದೆ ನಾನು. "ಡಾಕ್ಟ್ರು ಕಥೆ ಹೇಳ್ತಿದ್ದಾರೆ."